ಎತ್ತಿನ ಹಲ್ಲು, ಕಾರಿನ ಎಂಜಿನ್ನು

ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಎತ್ತು ಕೊಳ್ಳಲು ಬಂದ ರೈತ ಮೊದಲು ದೂರದಲ್ಲಿ ನಿಂತು ಜೋಡಿಯನ್ನು ನೋಡುತ್ತಾನೆ. ಕೊಂಬು, ಹಿಣಿಲು, ಬಾಲ, ಮೈಬಣ್ಣ ಎಲ್ಲವೂ ಕಣ್ಣಿಗೆ ಒಪ್ಪಿದ ಮೇಲೆ ಹತ್ತಿರ ಹೋಗಿ, ಮೂಗುದಾರ ಹಿಡಿದು ಬಾಯಿ ಬಿಡಿಸುತ್ತಾನೆ. ಎರಡು ಹಲ್ಲೊ, ನಾಲ್ಕು ಹಲ್ಲೊ, ಬಾಯಿಗೂಡಿದ್ದೊ ಎಂಬುದನ್ನು ತಾನೇ ಕಣ್ಣಾರೆ ಕಾಣುವ ತನಕ ಬೆಲೆಯ ಮಾತೆತ್ತುವುದಿಲ್ಲ. ಆಮೇಲೆ ಸುಳಿ ನೋಡುವುದು, ಹತ್ತು ಮಾರು ನಡೆಸಿ ನೋಡುವುದು. ಎಲ್ಲ ಮುಗಿದ ಮೇಲೆ ದಳ್ಳಾಳಿಯ ಟವಲಿನ ಕೆಳಗೆ ಬೆರಳಿಗೆ ಬೆರಳು ಸೇರಿಸಿ, ಮಾತಿಲ್ಲದೆ ನಡೆಯುವ ವ್ಯಾಪಾರ.

ನಮ್ಮ ಚಿಕ್ಕಪ್ಪ ಈ ವಿದ್ಯೆಯಲ್ಲಿ ನಿಪುಣರು. ಗುಬ್ಬಿ ಸೀಮೆಯ ನಮ್ಮ ಊರಿನಲ್ಲಿ ಯಾರೇ ಎತ್ತು ಕೊಳ್ಳಲಿ, ಅವರನ್ನು ಮುಂದಿಟ್ಟುಕೊಳ್ಳದೆ ಜಾತ್ರೆಗೆ ಹೊರಡುತ್ತಿರಲಿಲ್ಲ. ಅಂಥವರು 1996ರಲ್ಲಿ ಒಂದು ಹಳೆಯ ಕಾಂಟೆಸಾ ಕಾರು ಕೊಂಡು ಮೋಸಹೋದರು. ಆ ಮೋಸದಲ್ಲಿ ನನ್ನ ಪಾಲೂ ಸ್ವಲ್ಪ ಇದ್ದಿತು. ಅದನ್ನು ಮುಂದೆ ಹೇಳುತ್ತೇನೆ.

ಈಗ ಈ ಮಾತು ಏಕೆ ಬಂದಿತೆಂದರೆ, ಈಚೆಗೆ ನಾನೂ ಒಂದು ಹಳೆಯ ದೊಡ್ಡ ಕಾರನ್ನು ಕೊಳ್ಳಬೇಕೆಂದು ಹೊರಟೆ. ಹತ್ತು ವರ್ಷದ ಹಿಂದೆ ಕಾಲೇಜು ಮೇಷ್ಟರ ಕೈಗೆ ಎಟುಕದಿದ್ದ ಗಾಡಿಗಳು ಇಂದು ತುಮಕೂರಿನ ರಸ್ತೆಗಳ ಬದಿಯಲ್ಲಿ, ಗಾಜಿನ ಮೇಲೆ ಬೆಲೆ ಬರೆಸಿಕೊಂಡು, ಸಣ್ಣ ಹೊಸ ಕಾರಿಗಿಂತ ಅಗ್ಗವಾಗಿ ನಿಂತಿವೆ. ಚರ್ಮದ ಆಸನ, ಮರದ ಬಣ್ಣದ ಹಲಗೆ, ಮುಚ್ಚಿದರೆ ಸದ್ದಾಗದ ಬಾಗಿಲು. ಮಾರುವವರಾಗಲಿ, ಸ್ನೇಹಿತರಾಗಲಿ, ಸ್ಟಾಫ್ ರೂಮಿನ ಸಹೋದ್ಯೋಗಿಗಳಾಗಲಿ ಕೇಳುವುದು ಒಂದೇ ಪ್ರಶ್ನೆ: ‘ಪೆಟ್ರೋಲೊ, ಡೀಸೆಲ್ಲೊ?’ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನನಗೆ ಒಂದು ಚರಿತ್ರೆಯೇ ಎದುರಾಯಿತು. ನಮ್ಮ ದೇಶದಲ್ಲಿ ಐಷಾರಾಮಿ ಕಾರು ಎಂದರೆ ಬಹುಕಾಲ ಒಬ್ಬರ ಮೈ, ಇನ್ನೊಬ್ಬರ ಎದೆ. ಕೊಳ್ಳುವವನು ಮೈ ನೋಡಿ ದುಡ್ಡು ಕೊಟ್ಟ. ಎಂಜಿನ್ನನ್ನು ಅವನ ಪರವಾಗಿ ಮತ್ತಾರೊ ಆರಿಸಿಬಿಟ್ಟಿದ್ದರು.

ಎಳೆಯುವ ಶಕ್ತಿಯನ್ನು ಆರಿಸುವ ವಿಷಯದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದುದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೆಸರು ಹಾಲುಬೆಣ್ಣೆಯದಾದರೂ ಅದರ ಕೀರ್ತಿ ಇದ್ದುದು ಫಿರಂಗಿ ಎಳೆಯುವ ಎತ್ತುಗಳಲ್ಲಿ. ಮೈಸೂರಿನ ಸೈನ್ಯ ಶತ್ರುವಿನ ಎಣಿಕೆಗಿಂತ ಬೇಗ ಬಂದು ನಿಲ್ಲುತ್ತಿದ್ದುದಕ್ಕೆ ಈ ಎತ್ತುಗಳೂ ಒಂದು ಕಾರಣ. ಮುಂದೆ ವೆಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿ ಇವುಗಳ ಬೆಲೆಯನ್ನು ಚೆನ್ನಾಗಿ ಬಲ್ಲವನಾಗಿದ್ದ.

ಕುಣಿಗಲ್ ಎಂದರೆ ಹಲವರಿಗೆ ಕೆರೆಯ ಹಾಡು ನೆನಪಾಗುತ್ತದೆ. ಜೂಜಿನ ಹವ್ಯಾಸವುಳ್ಳವರಿಗೆ ಕುದುರೆ ಫಾರಂ. ಬೆಂಗಳೂರು–ಮಂಗಳೂರು ರಸ್ತೆಯ ಪಕ್ಕದ ಈ ಫಾರಂ ಟಿಪ್ಪುವಿನ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಹುಟ್ಟಿದುದೆಂಬುದು ಪರಂಪರೆಯಿಂದ ಬಂದ ಮಾತು. 1799ರ ಬಳಿಕವೂ ಅದು ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಸಿಲ್ಲೇದಾರ ಪಡೆಗೆ ಕುದುರೆಗಳನ್ನು ಬೆಳೆಸಿತು. ಆಮೇಲೆ ಯುದ್ಧದ ಕುದುರೆಗೆ ಗಿರಾಕಿಯಿಲ್ಲದಾಗಿ ರೇಸಿನ ಕುದುರೆಗೆ ಬೇಡಿಕೆ ಬಂದಿತು. 1992ರಲ್ಲಿ ಫಾರಂ ಖಾಸಗಿ ಗುತ್ತಿಗೆಗೆ ಹೋಯಿತು. ಇಲ್ಲಿ ಮರಿಯೊಂದನ್ನು ಕೊಳ್ಳುವವನು ಮೈಬಣ್ಣವನ್ನು ಕೊನೆಗೆ ನೋಡುತ್ತಾನೆ. ತಂದೆ ಯಾವುದು, ತಾಯಿ ಯಾವುದು, ಅಜ್ಜ ಯಾವ ಓಟ ಗೆದ್ದಿತ್ತು ಎಂಬ ವಂಶಾವಳಿಯೇ ಅಲ್ಲಿ ಮೊದಲ ಕಾಗದ.

ಯಂತ್ರದ ಶಕ್ತಿಯನ್ನು ನಾವು ಇಂದಿಗೂ ಕುದುರೆಯಲ್ಲಿಯೇ ಅಳೆಯುವುದು ಸುಮ್ಮನೆ ಬಂದ ರೂಢಿಯಲ್ಲ. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಮಾರಲು ಹೊರಟಾಗ ಗಿರಾಕಿಗಳ ಹತ್ತಿರ ಇದ್ದುದು ಕುದುರೆಗಳು. ‘ಈ ಯಂತ್ರ ಎಷ್ಟು ಕುದುರೆಗೆ ಸಮ?’ ಎಂಬುದೇ ಅವರ ಪ್ರಶ್ನೆ. ಒಂದು ನಿಮಿಷದಲ್ಲಿ 33,000 ಪೌಂಡು ತೂಕವನ್ನು ಒಂದು ಅಡಿ ಎತ್ತುವ ಕೆಲಸಕ್ಕೆ ವ್ಯಾಟ್ ಒಂದು ಅಶ್ವಶಕ್ತಿ ಎಂದು ಹೆಸರಿಟ್ಟ. ಅಂದರೆ ಅಶ್ವಶಕ್ತಿ ಎಂಬ ಅಳತೆ ಹುಟ್ಟಿದುದೇ ಕೊಳ್ಳುವವನ ಅನುಮಾನವನ್ನು ತೀರಿಸುವುದಕ್ಕಾಗಿ. ಅದೇ ಅಳತೆಯನ್ನು ನಮ್ಮಲ್ಲಿ ಕೊಳ್ಳುವವನು ಬಹುಕಾಲ ಕೇಳಲೇ ಇಲ್ಲ. ಕೇಳಿ ಪ್ರಯೋಜನವೂ ಇರಲಿಲ್ಲವೆನ್ನಿ.

ಪ್ರಯೋಜನವೇಕಿರಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೋಟಾರು ಕಾರನ್ನು ನಾವೇ ಮಾಡಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯೂರೋಪು ಅಮೆರಿಕಗಳನ್ನು ಸುತ್ತಿ ಕಾರಿನ ಕಾರಖಾನೆಗಳನ್ನು ನೋಡಿ ಯೋಜನೆ ಬರೆದರು. ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಒಲವು ತೋರಿಸಿತು; 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಆಮೇಲೆ ಬೆಂಗಳೂರಿನಲ್ಲಿ ಕಾರಖಾನೆ ಕಟ್ಟುವ ಮಾತು ಬಂದಿತು. ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಒಪ್ಪಿದರೂ ದೆಹಲಿಯ ಬ್ರಿಟಿಷ್ ಸರ್ಕಾರ ಯುದ್ಧಕಾಲದ ನೆವ ಹೇಳಿ ಬೆಂಬಲ ಕೊಡಲಿಲ್ಲ. ಅದೇ ವಾಲಚಂದರು, ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದುದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಕಾರು ಕೇಳಿದ ನಾಡಿಗೆ ವಿಮಾನ ದೊರೆಯಿತು!

ಕಾರುಗಳು ಬೇರೆ ಕಡೆ ಹುಟ್ಟಿದುವು. ಬಿರ್ಲಾರವರ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಆರಂಭವಾಗಿ ಆಮೇಲೆ ಬಂಗಾಳದ ಉತ್ತರಪಾರಾದಲ್ಲಿ ನೆಲೆಯೂರಿತು, ವಾಲಚಂದರ ಪ್ರೀಮಿಯರ್ 1944ರಲ್ಲಿ ಮುಂಬಯಿಯಲ್ಲಿ, ಮದರಾಸಿನಲ್ಲಿ ಸ್ಟ್ಯಾಂಡರ್ಡ್. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ದೇಶದೊಳಗೇ ತಯಾರಿಸುವ ಕಾರ್ಯಕ್ರಮವುಳ್ಳವರಿಗೆ ಮಾತ್ರ ಇಲ್ಲಿ ಜಾಗವೆಂದು ತೀರ್ಮಾನವಾಯಿತು. ಬಿಡಿಭಾಗ ತಂದು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮರುವರ್ಷ ಬಾಗಿಲು ಹಾಕಿತು. ಹೊರಗಿನ ದೊಡ್ಡ ಕಾರು ಬರುವುದು ಬಹುಮಟ್ಟಿಗೆ ನಿಂತಿತು. ದೇಶೀಯ ಕೈಗಾರಿಕೆ ಬೆಳೆಯಲೆಂಬ ಉದ್ದೇಶ ಒಳ್ಳೆಯದೇ. ಆದರೆ ಮೂರೇ ಅಂಗಡಿಗಳುಳ್ಳ ಸಂತೆಯಲ್ಲಿ ಗಿರಾಕಿಯ ಗತಿ ಏನಾದೀತು?

ಆಗ ಐಷಾರಾಮವೆಂದರೆ ಹಳೆಯ ಪ್ಲಿಮತ್, ಡಾಡ್ಜ್, ಶೆವ್ರೊಲೆಗಳು. ಆರು ಸಿಲಿಂಡರಿನ ಆ ಅಮೆರಿಕದ ಎಂಜಿನ್ನುಗಳು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿದ್ದುವು. ಎರಡನೆಯ ಕೈಗೆ ಬಂದ ಮೇಲೆ ಅವುಗಳಲ್ಲಿ ಎಷ್ಟೋ ಕಾರುಗಳ ಎಂಜಿನ್ ಇಳಿಸಿ, ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿಗೆ ಬಿಟ್ಟರು. ಮುಂದೆ ಅಂಬಾಸಿಡರಿಗೂ ಇದೇ ಶಸ್ತ್ರಚಿಕಿತ್ಸೆ ನಡೆಯಿತು. ಮ್ಯಾಟಡೋರ್ ವ್ಯಾನಿನ ಎಂಜಿನ್ನನ್ನು ಹೊತ್ತು ಗುಡುಗುತ್ತ ಓಡಾಡಿದ ಅಂಬಾಸಿಡರುಗಳನ್ನು ನೋಡಿದವರು ಇನ್ನೂ ಇದ್ದಾರೆ. ಇದನ್ನು ಕಂಡು ನಗುವವರುಂಟು. ನನಗೆ ಅದರಲ್ಲಿ ಬುದ್ಧಿವಂತಿಕೆಯೇ ಕಾಣುತ್ತದೆ. ತನಗೆ ಬೇಕಾದ ಎಂಜಿನ್ನನ್ನು ತಾನೇ ಆರಿಸಿಕೊಂಡ ಗಿರಾಕಿ ಆ ಕಾಲದಲ್ಲಿ ಬಹುಶಃ ಈ ಟ್ಯಾಕ್ಸಿಯವನೊಬ್ಬನೇ.

ಅಂಬಾಸಿಡರ್ 1957ರಲ್ಲಿ ಮಾರಿಸ್ ಆಕ್ಸ್‌ಫರ್ಡಿನ ಮೈಯಲ್ಲಿ ಹುಟ್ಟಿತು. 1959ರಲ್ಲಿ ಅದಕ್ಕೆ ಬಂದ 1489 ಸಿ.ಸಿ.ಯ ಬಿ.ಎಂ.ಸಿ. ಎಂಜಿನ್ ಮೂರು ದಶಕ ಅದನ್ನು ಬಿಡಲಿಲ್ಲ. ಆ ಎಂಜಿನ್ ಕೆಟ್ಟುದೆಂದು ಹೇಳಲಾರೆ. ಹಳ್ಳಿಯ ಮೆಕ್ಯಾನಿಕ್ಕಿಗೂ ಅದರ ಒಳಹೊರಗು ತಿಳಿದಿತ್ತು. ಆದರೆ ಒಂದೇ ಎತ್ತನ್ನು ನೇಗಿಲಿಗೂ ತೇರಿಗೂ ಹೂಡಿದರೆ ಆಗುವುದು 1984ರಲ್ಲಿ ಆಯಿತು.

ಆ ವರ್ಷ ಹಿಂದೂಸ್ತಾನ್ ಮೋಟಾರ್ಸ್ ಕಾಂಟೆಸಾ ಎಂಬ ಕಾರನ್ನು ಹೊರತಂದಿತು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ 1972ರಿಂದ 1978ರ ವರೆಗೆ ಮಾಡಿ ಬಿಟ್ಟಿದ್ದ ಕಾರಿನ ಅಚ್ಚು ಅದು. ಉದ್ದನೆಯ ಮೂಗು, ಅಗಲವಾದ ಭುಜ. ಮಂತ್ರಿಗಳು, ಗಿರಣಿ ಮಾಲಿಕರು, ಸಿನಿಮಾದವರು ಅದರಲ್ಲಿ ಕುಳಿತರು. ಒಳಗೆ ಹೂಡಿದುದು ಅಂಬಾಸಿಡರಿನದೇ ಸುಮಾರು 50 ಅಶ್ವಶಕ್ತಿಯ 1489 ಸಿ.ಸಿ. ಎಂಜಿನ್! ಆ ಮೈಗೆ ಆ ಎದೆ ಸಾಲದೆಂಬುದು ಕಂಪನಿಗೂ ಬೇಗ ತಿಳಿಯಿತು. ಕೆಲವೇ ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಪೆಟ್ರೋಲ್ ಎಂಜಿನ್ ಅದಕ್ಕೆ ಬಂದಿತು, ಶಕ್ತಿ 88. ಹಿಂಬದಿಯಲ್ಲಿ ‘1.8’ ಎಂಬ ಬಿಲ್ಲೆ ಅಂಟಿತು. ಆಮೇಲೆ ಇಸುಜುವಿನದೇ 2 ಲೀಟರಿನ ಡೀಸೆಲ್ ಕೂಡ ಬಂದಿತು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಕಾರು. ಓಡಿಸಿದವನಿಗೆ ಮೂರೂ ಬೇರೆ ಬೇರೆ.

1985ರಲ್ಲಿ ಮುಂಬಯಿಯ ಪ್ರೀಮಿಯರ್ 118 ಎನ್.ಇ. ಬಂದಿತು. ಮೈ ಇಟಲಿಯ ಫಿಯಟ್ 124ರದು, 1171 ಸಿ.ಸಿ.ಯ ಎಂಜಿನ್ ಜಪಾನಿನ ನಿಸಾನಿನದು. ಹೆಸರಿನ ‘ಎನ್.ಇ.’ ಎಂಬ ಎರಡಕ್ಷರದಲ್ಲಿ ನಿಸಾನ್ ಎಂಜಿನ್ ಎಂಬುದನ್ನು ಕಂಪನಿ ಮುಚ್ಚಿಡದೆ ಹೇಳಿದುದು ಅದರ ಪ್ರಾಮಾಣಿಕತೆ.

ಅದೇ 1985ರ ಮದರಾಸಿನ ಸ್ಟ್ಯಾಂಡರ್ಡ್ 2000ದ ಕಥೆ ಮಾತ್ರ ಮನಸ್ಸಿಗೆ ಬೇಸರ ತರುವಂಥದು. ಅದರ ಮೈ ಬ್ರಿಟನ್ನಿನ ರೋವರ್ ಎಸ್.ಡಿ.1. ಈ ರೋವರ್ 1977ರಲ್ಲಿ ಯೂರೋಪಿನ ವರ್ಷದ ಕಾರೆಂಬ ಬಿರುದು ಪಡೆದಿತ್ತು; ಅದರ ಹೆಸರುವಾಸಿಯಾದ ಎಂಜಿನ್ ಎಂಟು ಸಿಲಿಂಡರಿನ, 3.5 ಲೀಟರಿನದು. (ಆ ಎಂಜಿನ್ನಿನ ಮೂಲವೂ ರೋವರಿನದಲ್ಲ, ಅಮೆರಿಕದ ಬ್ಯೂಕ್ ಕಂಪನಿಯದು. ಎರವಲು ತರುವುದು ನಮ್ಮ ಒಬ್ಬರ ದೌರ್ಬಲ್ಯವಲ್ಲ.) ಮದರಾಸಿನವರು ಆ ಸುಂದರ ಮೈಯ ಅಚ್ಚುಗಳನ್ನು ತಂದು, ಎಂಜಿನ್ನಿನ ಜಾಗದಲ್ಲಿ ತಮ್ಮ ಬಳಿ ಇದ್ದ 1991 ಸಿ.ಸಿ. ಎಂಜಿನ್ನನ್ನು ಇಟ್ಟರು. ಅದರ ವಂಶ ಹುಡುಕಿದರೆ ಎರಡನೆಯ ಮಹಾಯುದ್ಧ ಮುಗಿದ ಕೂಡಲೆ ಬಂದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡಿಗೆ ಹೋಗಿ ಮುಟ್ಟುತ್ತದೆ. ಅದೇ ವಂಶದ ಎಂಜಿನ್ ಫರ್ಗೂಸನ್ ಟ್ರ್ಯಾಕ್ಟರಿಗೂ ಹೂಡಲ್ಪಟ್ಟಿತ್ತು. ಗಟ್ಟಿ ಕುಳ, ಸಂದೇಹವಿಲ್ಲ. ಅದೇ ಮನೆತನದವು ಟ್ರಯಂಫ್ ಎಂಬ ಪಂದ್ಯದ ಕಾರನ್ನೂ ಓಡಿಸಿವೆ. ಆದರೆ 1985ರಲ್ಲಿ, ಮಂತ್ರಿಯ ಮೆರವಣಿಗೆಗೆ ಸಲ್ಲುವ ಬೆಲೆ ಕೊಟ್ಟವನಿಗೆ ದೊರೆತುದು ನಲವತ್ತು ವರ್ಷದ ಹಿಂದಿನ ಉಸಿರು. ಜನ ಒಪ್ಪಲಿಲ್ಲ. 1988ಕ್ಕೆ ಕಾರು ನಿಂತಿತು. ಅದರೊಡನೆ ಕಾರು ತಯಾರಕರಾಗಿ ಸ್ಟ್ಯಾಂಡರ್ಡಿನವರ ಕಥೆಯೂ ಮುಗಿಯಿತು.

ಈ ಕಷ್ಟ ಕಾರಿನದಷ್ಟೇ ಅಲ್ಲ. ಬೆಂಗಳೂರಿನ ವಿಮಾನ ಕಾರಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಮಾರ್ಗದರ್ಶನದಲ್ಲಿ ರೂಪುಗೊಂಡ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ನೋಡಿದವರೆಲ್ಲ ಅದರ ಮೈಕಟ್ಟನ್ನು ಹೊಗಳಿದರು. ಯಾವ ಎಂಜಿನ್ನನ್ನು ನಂಬಿ ಅದನ್ನು ರಚಿಸಿದ್ದರೊ ಆ ಎಂಜಿನ್ ಕೊನೆಗೂ ಕೈಸೇರಲಿಲ್ಲ. ಬ್ರಿಟಿಷರು ಅದರ ಅಭಿವೃದ್ಧಿಯನ್ನು ಕೈಬಿಟ್ಟರು. ಹಣ ಹಾಕಿ ಮುಂದುವರಿಸಲು ನಮ್ಮವರೂ ಒಪ್ಪಲಿಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್ ಹೊತ್ತು 147 ಮಾರುತಗಳು ಹುಟ್ಟಿದುವು. ಶಬ್ದದ ವೇಗವನ್ನು ಮೀರಬೇಕೆಂದು ಹುಟ್ಟಿದ ವಿಮಾನ ಆ ಮಟ್ಟ ಮುಟ್ಟಲಿಲ್ಲ.

ಈಗ ಚಿಕ್ಕಪ್ಪನ ಕಾಂಟೆಸಾ. ಎರಡು ವರ್ಷದ ಕೊಬ್ಬರಿಯ ದುಡ್ಡನ್ನು ಕೂಡಿಸಿ ಅವರು ಆ ಕಾರಿಗೆ ಮನಸ್ಸು ಮಾಡಿದರು. ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರ ಮುಂದೆ ಇಳಿಯುವುದಕ್ಕೆ ಒಂದು ಗಾಡಿ ಬೇಡವೆ? ನಾನಾಗ ಪಿ.ಯು.ಸಿ. ಓದುತ್ತಿದ್ದೆ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಬಲ್ಲವನೆಂದು ನನ್ನನ್ನೂ ಕರೆದುಕೊಂಡು ಹೋದರು. ಹಿಂಬದಿಯಲ್ಲಿ ‘1.8’ ಎಂದು ಹೊಳೆಯುವ ಬಿಲ್ಲೆ. ದಳ್ಳಾಳಿ ಒಂದೇ ಸಮನೆ ಹೊಗಳುತ್ತಿದ್ದ. ಚಿಕ್ಕಪ್ಪ ಬಾನೆಟ್ ಎತ್ತಿಸಿ ಒಳಗೆ ಬಗ್ಗಿ ನೋಡಿದರು; ಅವರಿಗೆ ಅಲ್ಲಿ ಹಲ್ಲೂ ಕಾಣಲಿಲ್ಲ, ಸುಳಿಯೂ ಕಾಣಲಿಲ್ಲ. ಆಗ ಆರ್.ಸಿ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ‘ನೀನ್ ಓದ್ ನೋಡಪ್ಪ, ಎಲ್ಲಾ ಸರಿ ಐತಾ?’ ಎಂದರು. ನಾನು ಆಗಲೇ ಹಿಂದಿನ ಆಸನದಲ್ಲಿ ಕುಳಿತಿದ್ದೆ. ಮಖಮಲ್ಲಿನ ಆ ಮೆತ್ತೆಯ ಮೇಲೆ ಕೈಯಾಡಿಸುತ್ತ, ಪುಟ ತಿರುಗಿಸಿದಂತೆ ಮಾಡಿ, ಎಲ್ಲಾ ಸರಿಯಿದೆ ಎಂದುಬಿಟ್ಟೆ.

ಅದು ಸರಿಯಿಲ್ಲವೆಂಬುದು ತಿಳಿದುದು ದೇವರಾಯನದುರ್ಗದ ಏರಿನಲ್ಲಿ. ಮದುವೆಯಾದ ಮಗಳು ಅಳಿಯನನ್ನು ನರಸಿಂಹಸ್ವಾಮಿಯ ದರ್ಶನಕ್ಕೆ ಕರೆದೊಯ್ಯುವಾಗ, ಆರು ಜನ ಕುಳಿತ ಕಾರು ತಿರುವಿನಲ್ಲಿ ಉಸಿರು ಕಟ್ಟಿ ನಿಂತಿತು. ರೇಡಿಯೇಟರು ಕುದಿಯಿತು. ಹೊಸ ಅಳಿಯ ಇಳಿದು ತಳ್ಳಬೇಕಾಯಿತು. ಚಿಕ್ಕಮ್ಮ ಸೀರೆಯ ನೆರಿಗೆ ಎತ್ತಿಕೊಂಡು ಬೆಟ್ಟ ಹತ್ತಿದರು. ಗುಬ್ಬಿಯ ಮೆಕ್ಯಾನಿಕ್ ಒಬ್ಬರು ಮಾರನೆಯ ದಿನ ನೋಡಿ, ‘ಬಿಲ್ಲೆ ಜಪಾನಿಂದು ಗೌಡ್ರೆ, ಇಂಜಿನ್ ಅಂಬಾಸಿಡರ್‌ದು’ ಎಂದರು. ಆರ್.ಸಿ. ಪುಸ್ತಕದಲ್ಲಿ ಸ್ಪಷ್ಟವಾಗಿ 1489 ಎಂದು ಬರೆದೇ ಇತ್ತು. ಬಿಲ್ಲೆಯನ್ನು ಯಾರೊ ಆಮೇಲೆ ಅಂಟಿಸಿದ್ದರು. ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ನಾಡಿನವರಾದ ನಮಗೆ ವೇಷವೇ ಬೇರೆ, ಪಾತ್ರಧಾರಿಯೇ ಬೇರೆ ಎಂಬುದು ಹೊಸ ಮಾತಲ್ಲ. ಆದರೂ ಮೋಸಹೋದೆವು. ಚಿಕ್ಕಪ್ಪ ನನಗೆ ಒಂದು ಮಾತನ್ನೂ ಆಡಲಿಲ್ಲ. ಮುಂದಿನ ವರ್ಷ ಬಂದ ಬೆಲೆಗೆ ಕಾರನ್ನು ಕೊಟ್ಟು, ಮತ್ತೆ ಬಸ್ಸಿನಲ್ಲಿ ಓಡಾಡಿದರು.

ಕಾಲ ಅಷ್ಟರಲ್ಲಿ ಬದಲಾಗುತ್ತಿತ್ತು. 1993ರಲ್ಲಿ ಕಾರಿನ ಉದ್ಯಮಕ್ಕೆ ಪರವಾನಗಿಯ ಕಟ್ಟು ಸಡಿಲವಾಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಜೋಡಣೆಯಾಯಿತು. ಅದೇ ಕಾರಿಗೆ ಪೆಟ್ರೋಲೂ ಡೀಸೆಲೂ ಎರಡು ಎಂಜಿನ್ನು. ಫೈಬರ್ ಮೈಯ ಬಾದಲ್, ಡಾಲ್ಫಿನ್‌ಗಳನ್ನು ಮಾಡುತ್ತಿದ್ದ ಬೆಂಗಳೂರಿನ ಸಿಪಾನಿಯವರು ರೋವರ್ ಮಾಂಟೆಗೊವನ್ನು ಜೋಡಿಸಿ ನೋಡಿದರು, ಅದು ನಿಲ್ಲಲಿಲ್ಲ. ವಿಶ್ವೇಶ್ವರಯ್ಯನವರ ಯೋಜನೆಗೆ ಅರವತ್ತು ವರ್ಷ ತುಂಬಿದ ಮೇಲೆ, 1999ರ ಡಿಸೆಂಬರಿನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರಖಾನೆಯಿಂದ ಮೊದಲ ಕ್ವಾಲಿಸ್ ಹೊರಬಂದಿತು. 2003ರಲ್ಲಿ ಅಲ್ಲಿಂದಲೇ ಕೊರೊಲ್ಲಾ. ಕಾರು ಕೇಳಿದ ನಾಡಿಗೆ ಕಡೆಗೂ ಕಾರು ಬಂದಿತು, ಅದೂ ಕುಣಿಗಲ್ಲಿಗೆ ಅಷ್ಟೇನೂ ದೂರವಲ್ಲದ ಜಾಗದಲ್ಲಿ.

ಇನ್ನು ಮೇಲಾದರೂ ಎಂಜಿನ್ನನ್ನು ಗಿರಾಕಿಯೇ ಆರಿಸಿದನೆ? ಹಾಗೆಂದು ತೋರಿತು. ಆದರೆ ಪರವಾನಗಿ ಮಾಡುತ್ತಿದ್ದ ಕೆಲಸವನ್ನು ಎಣ್ಣೆಯ ಬೆಲೆ ಮಾಡತೊಡಗಿತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯ ಮೇಲಿದ್ದ ಸರ್ಕಾರಿ ಹಿಡಿತ ಹೋಯಿತು. ಡೀಸೆಲಿನ ಮೇಲೆ ಉಳಿಯಿತು. ಲಾರಿಗೂ ಪಂಪ್‌ಸೆಟ್ಟಿಗೂ ಬಸ್ಸಿಗೂ ಬೇಕಾದ ಡೀಸೆಲ್ ಅಗ್ಗವಾಗಿರಲೆಂಬುದು ಉದ್ದೇಶ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41 ರೂಪಾಯಿ. ರೈತನಿಗೆಂದು ತಗ್ಗಿಸಿದ ಬೆಲೆಯನ್ನು ಮೊದಲು ಬಾಚಿಕೊಂಡವರಲ್ಲಿ ದೊಡ್ಡ ಕಾರಿನವರೂ ಇದ್ದರು. ಪೆಟ್ರೋಲ್ ಕಾರನ್ನು ಕೇಳುವವರೇ ಇಲ್ಲವೆಂಬಂತಾಯಿತು. ಡೀಸೆಲ್ ಇಲ್ಲದ ಕಂಪನಿಗಳು ತರಾತುರಿಯಿಂದ ಡೀಸೆಲ್ ತಂದುವು.

ಬಿಡದಿಯ ಕೊರೊಲ್ಲಾ ಆಲ್ಟಿಸನ್ನೇ ನೋಡಿ. ಅದರ ಪೆಟ್ರೋಲ್ ಎಂಜಿನ್ 1798 ಸಿ.ಸಿ., ಸುಮಾರು 140 ಅಶ್ವಶಕ್ತಿ. 2010ರಲ್ಲಿ ಅದೇ ಮೈಗೆ ಸೇರಿಸಿದ ಡೀಸೆಲ್ 1364 ಸಿ.ಸಿ., 88 ಅಶ್ವಶಕ್ತಿ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿಯೇ ಚೆನ್ನಾಗಿ ಎಳೆಯುತ್ತದೆ, ಎಣ್ಣೆ ಕಡಿಮೆ ಕುಡಿಯುತ್ತದೆ. ಆದುದರಿಂದ ಅಶ್ವಶಕ್ತಿಯ ಅಂಕಿಯೊಂದನ್ನೇ ಹಿಡಿದು ಅದನ್ನು ಕಾಂಟೆಸಾದ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಆದರೂ ಸಣ್ಣ ಎದೆಯ ಮೇಲೆ ದೊಡ್ಡ ಮೈ ಹೊರಿಸಿದ್ದು ನಿಜ, ಹೊರಿಸಿದುದು ಬೆಲೆಯ ಅಂತರ ಎಂಬುದೂ ನಿಜ.

ಅಂತರ ಬಹಳ ಕಾಲ ಬಾಳಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲೂ ಹಿಡಿತದಿಂದ ಹೊರಬಂದಿತು. 2015ರಲ್ಲಿ ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ವಿರುದ್ಧ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಜಾರಿಗೆ ತರುವಂತೆ ಹೇಳಿತು. ಉತ್ತರದ ಹಳೆಯ ಜರ್ಮನ್ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳ ದಾರಿ ಹಿಡಿದುವು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಮೋಸ ಬಯಲಾಯಿತು: ಹೊಗೆಯ ಪರೀಕ್ಷೆ ನಡೆಯುವಾಗ ಮಾತ್ರ ಸಾಧುವಾಗಿ ನಡೆದುಕೊಳ್ಳುವಂತೆ ಎಂಜಿನ್ನಿಗೆ ಕಲಿಸಿದ್ದರು. ನಮ್ಮ ದೇಶದಲ್ಲಿಯೂ ಆ ಸಮೂಹದ ಸುಮಾರು 3 ಲಕ್ಷ 23 ಸಾವಿರ ಕಾರುಗಳನ್ನು ತಿದ್ದಲು ವಾಪಸು ಕರೆಯಬೇಕಾಯಿತು. ಸಿದ್ಧಗಂಗೆಯ ಜಾತ್ರೆಯಲ್ಲಿ ಎತ್ತಿನ ಕೊಂಬಿಗೆ ಎಣ್ಣೆ ಬಳಿಯುವುದನ್ನು ನೋಡಿದ್ದೇನೆ. ಪರೀಕ್ಷೆಯ ಹೊತ್ತಿಗೆ ವಯಸ್ಸು ಮರೆಸುವ ಎತ್ತನ್ನು ಕಂಡಿರಲಿಲ್ಲ! 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ ಬಂದಿತು. ಡೀಸೆಲನ್ನು ಶುದ್ಧಮಾಡುವ ಖರ್ಚು ಏರಿ, ಹಲವು ಕಂಪನಿಗಳು ಸಣ್ಣ ಡೀಸೆಲ್ ಎಂಜಿನ್ನುಗಳನ್ನೇ ಬಿಟ್ಟುವು. 2025ರಲ್ಲಿ ಕರ್ನಾಟಕದಲ್ಲಿ ಎರಡರ ಅಂತರ ಲೀಟರಿಗೆ ಸುಮಾರು 12 ರೂಪಾಯಿಗೆ ಇಳಿದಿತ್ತು.

ಇಂದು ತುಮಕೂರಿನ ರಸ್ತೆಯ ಬದಿಯಲ್ಲಿ ನಿಂತಿರುವ ಹಳೆಯ ದೊಡ್ಡ ಕಾರುಗಳಲ್ಲಿ ಡೀಸೆಲ್ ಅಷ್ಟೊಂದು ಏಕೆ ಎಂಬುದಕ್ಕೆ ಇದೇ ಉತ್ತರ. ಅವು 2012ರ ಬೆಲೆಗೆ ಹುಟ್ಟಿದ ಕಾರುಗಳು. ಲೆಕ್ಕ ಹಾಕೋಣ. ಪೆಟ್ರೋಲ್ ಕಾರು ಲೀಟರಿಗೆ 12 ಕಿಲೋಮೀಟರು, ಡೀಸೆಲ್ 18 ಓಡುವುದೆಂದು ಹಿಡಿದರೆ, 2012ರ ಬೆಲೆಯಲ್ಲಿ ಪೆಟ್ರೋಲ್ ಕಾರಿನ ಓಟ ಡೀಸೆಲಿನ ಎರಡೂವರೆ ಪಾಲಿಗೂ ಮೀರಿ ದುಬಾರಿ. 103 ಮತ್ತು 91 ರೂಪಾಯಿಯ ಬೆಲೆಯಲ್ಲಿ ಅದು ಒಂದೂ ಮುಕ್ಕಾಲು ಪಾಲಿನೊಳಗೆ ಬರುತ್ತದೆ. ಈಗಲೂ ಡೀಸೆಲ್ ಅಗ್ಗವೇ. ದಿನವೂ ಬೆಂಗಳೂರಿಗೆ ಹೋಗಿಬರುವವನು ಅದನ್ನು ಕೊಂಡರೆ ನಾನು ಬೇಡವೆನ್ನೆನು. ನನ್ನ ಓಡಾಟ ಬೇರೆ. ಮನೆಯಿಂದ ಕಾಲೇಜಿಗೆ ನಾಲ್ಕು ಕಿಲೋಮೀಟರು. ವಾರಕ್ಕೊಮ್ಮೆ 20 ಕಿಲೋಮೀಟರು ದೂರದ ಗುಬ್ಬಿ. ತಿಂಗಳಿಗೊಮ್ಮೆ ಹೆಂಡತಿಯ ತವರಾದ ಕುಣಿಗಲ್. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲುವ ಈ ಓಟದಲ್ಲಿ ಡೀಸೆಲಿನ ಒಳಗೆ ಮಸಿ ಕಟ್ಟುತ್ತದೆ. ಟರ್ಬೊ, ಇಂಜೆಕ್ಟರುಗಳು ಒಂದು ಸಲ ಕೈಕೊಟ್ಟರೆ ವರ್ಷಗಟ್ಟಲೆ ಎಣ್ಣೆಯಲ್ಲಿ ಉಳಿಸಿದುದು ಗ್ಯಾರೇಜಿಗೆ ಹೋಗುತ್ತದೆ. ಆದುದರಿಂದ ಪೆಟ್ರೋಲೇ ಸರಿಯೆಂದು ನಾನು ತೀರ್ಮಾನಿಸಿದೆ. ಬಿಡದಿಯಲ್ಲಿ 2013ರಿಂದ ಜೋಡಣೆಯಾದ ಕ್ಯಾಮ್ರಿ ಹೈಬ್ರಿಡ್ ಮೇಲೂ ಕಣ್ಣು ಹೋಗಿತ್ತು. ಅದರಲ್ಲಿ ಎರಡೂವರೆ ಲೀಟರಿನ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು. ಆದರೆ ಹತ್ತು ವರ್ಷದ ಬ್ಯಾಟರಿಯ ಹಲ್ಲು ಎಣಿಸುವ ವಿದ್ಯೆ ನನಗೆ ತಿಳಿಯದು.

ಮೊನ್ನೆ ಭಾನುವಾರ ಗುಬ್ಬಿಗೆ ಹೋಗಿ ಚಿಕ್ಕಪ್ಪನನ್ನು ಕರೆದುಕೊಂಡು ಹೊರಟೆ. ಅವರಿಗೆ ಈಗ ಎಂಬತ್ತೆರಡು. ಕಣ್ಣು ಮಂಜು, ಕಿವಿ ಚುರುಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರಖಾನೆಯ ಮಾತು ದಾರಿಯಲ್ಲಿ ಬಂದಿತು. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಈ ಕಾರಖಾನೆ ಬೆಂಗಳೂರಿನ ಅದೇ ವಿಮಾನ ಸಂಸ್ಥೆಯ ಕೂಸು. ಕಾವಲು ಎಂದರೆ ದನ ಮೇಯುವ ಹುಲ್ಲುಗಾವಲು. ಅಲ್ಲಿ ಈಗ 615 ಎಕರೆಯಲ್ಲಿ ಹಾರುವ ಯಂತ್ರ. ‘ಇಂಜಿನ್ನೂ ಇಲ್ಲೇ ಮಾಡ್ತಾರೇನಪ್ಪ?’ ಎಂದು ಚಿಕ್ಕಪ್ಪ ಕೇಳಿದರು. ಅಲ್ಲಿ ಮೊದಲು ಮಾಡಲು ಹೊರಟಿರುವ ಹಗುರ ಹೆಲಿಕಾಪ್ಟರಿನ ಎಂಜಿನ್ ಮೂಲದಲ್ಲಿ ಫ್ರಾನ್ಸಿನದೆಂದು ಹೇಳಿದೆ. ಅವರು ‘ಹೂಂ’ ಎಂದು ಸುಮ್ಮನಾದರು.

ಕಾರು ಇದ್ದುದು ಕುಣಿಗಲ್ಲಿನಲ್ಲಿ, ಒಬ್ಬ ನಿವೃತ್ತರ ಮನೆಯಲ್ಲಿ. ಬಿಳಿಯ ಆಲ್ಟಿಸ್. ಚಿಕ್ಕಪ್ಪ ಮೊದಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ತಣ್ಣಗಿತ್ತು. ಮೊದಲೇ ಚಾಲೂ ಮಾಡಿ ಬಿಸಿಯಿಟ್ಟಿದ್ದರೆ ತಣ್ಣನೆಯ ಎಂಜಿನ್ನಿನ ಗೊರಗೊರ ಕೇಳಿಸುವುದಿಲ್ಲವೆಂದು ಗುಬ್ಬಿಯ ಮೆಕ್ಯಾನಿಕ್ ಅವರಿಗೆ ಎಂದೋ ಹೇಳಿಕೊಟ್ಟಿದ್ದರಂತೆ. ಚಾಲೂ ಮಾಡಿಸಿ, ಕಿವಿಯನ್ನು ಹತ್ತಿರ ತಂದು ಎರಡು ನಿಮಿಷ ಕೇಳಿದರು. ಹಿಂದೆ ಹೋಗಿ ಹೊಗೆಯ ಕೊಳವೆಗೆ ಬೆರಳು ಹಾಕಿ ಮೂಸಿದರು. ಆಮೇಲೆ ಮಾಲಿಕರಿಂದ ಆರ್.ಸಿ. ಕಾರ್ಡನ್ನು ತೆಗೆದುಕೊಂಡು ನನ್ನ ಕೈಗಿತ್ತರು.

‘ಓದು,’ ಎಂದರು.

ಎಂಜಿನ್ ನಂಬರನ್ನು ಬಾನೆಟ್ಟಿನ ಒಳಗಿನದರೊಡನೆ ಒಂದೊಂದೇ ಅಂಕಿ ತಾಳೆ ನೋಡಿದೆ. ತಯಾರಾದ ವರ್ಷ ಓದಿದೆ. ಇಂಧನ ಪೆಟ್ರೋಲ್ ಎಂದೆ. ಘನ ಸಾಮರ್ಥ್ಯ 1798 ಎಂದೆ.

‘ಇನ್ನೊಂದ್ಸಲ ಓದು ಮಗಾ,’ ಎಂದರು ಚಿಕ್ಕಪ್ಪ. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ ಓದಿದೆ. ಅವರು ಹೆಗಲ ಮೇಲಿನ ಟವಲನ್ನು ತೆಗೆದು ಮಾಲಿಕರ ಕಡೆಗೆ ಕೈ ಚಾಚಿದರು.